ಹತ್ತೊಂಬತ್ತನೆಯ ಹಾಡಿನ ಕೊನೆಯ ಸಾಲು

ನಮ್ಮ ದೊಡ್ಡಮ್ಮ ಮೂವತ್ತೆಂಟು ವರ್ಷ ಪುಸ್ತಕಗಳ ಬೆನ್ನು ಹೊಲಿದವಳು. ಅಷ್ಟು ವರ್ಷದಲ್ಲಿ ಅವಳು ಮಾಡಿದ ತಪ್ಪು ಒಂದೇ ಒಂದು, ಅದನ್ನೂ ಮಾಡಿದ್ದು ಬೇರೆಯವರ ತಪ್ಪು ತಿದ್ದಲು ಹೋಗಿ. ಆ ತಪ್ಪಿನಿಂದಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ಅವಳಿಗೆ ಹುಚ್ಚು ಹಿಡಿಯಿತು. ಅಂಥಿಂಥ ಹುಚ್ಚಲ್ಲ. ಬಸ್ಸಿನ ಸಾಲಿನಲ್ಲಿ ನಿಂತು ಒಬ್ಬಳೇ ನಗುವ ಹುಚ್ಚು, ಗಂಡನ ಮಾತನ್ನು ಅರ್ಧಕ್ಕೆ ತಡೆದು "ನೀವು ಸ್ವಲ್ಪ ತಡವಾಗಿ ಶುರು ಮಾಡ್ಬೇಕಿತ್ತು" ಅನ್ನುವ ಹುಚ್ಚು. ನಾನು ಎಲ್ಲವನ್ನೂ ಕಣ್ಣಾರೆ ಕಂಡವಳು. ಆ ತಪ್ಪಿನಲ್ಲಿ ಯಂತ್ರದ ಹಿಡಿ ಎಳೆದವಳೂ ನಾನೇ. ಬೇರೆಯವರು ಹೇಳಿ ನನ್ನ ಮಾನ ಕಳೆಯುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಬೈಂಡಿಂಗ್ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಬೀದಿಯ ಕಡೆಗೆ ಎರಡು ಕಿಟಕಿ, ಒಳಗೆ ಎರಡು ಮೇಜು, ಮೂಲೆಯಲ್ಲಿ ಚಕ್ರ ತಿರುಗಿಸಿ ಒತ್ತುವ ಕಬ್ಬಿಣದ ಪ್ರೆಸ್ಸು, ಅದರ ಪಕ್ಕದಲ್ಲಿ ಕಟಿಂಗ್ ಮಷೀನು, ಗೋಡೆಯುದ್ದಕ್ಕೂ ರಟ್ಟಿನ ಅಟ್ಟಿ. ಎಲ್ಲದರ ಮೇಲೂ ಅಂಟಿನ ವಾಸನೆ. ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ಲೈಬ್ರರಿಯಲ್ಲಿ ಬೆನ್ನು ಮುರಿದುಕೊಂಡ ಕಾದಂಬರಿ ಎಲ್ಲವೂ ನಮ್ಮಲ್ಲಿಗೇ ಬರುತ್ತವೆ. ದೊಡ್ಡಮ್ಮ ಹೊಲಿಗೆಯ ಮೇಜಿಗೆ ಯಜಮಾನಿ. ನಾನು ಅವಳ ತಂಗಿಯ ಮಗಳು, ಕಟಿಂಗ್ ಮಷೀನು ನನ್ನ ಪಾಲಿನದು. ಅಂಗಡಿಯ ಯಜಮಾನರು ಬೇರೆ ಇದ್ದಾರೆ, ಆದರೆ ದೊಡ್ಡಮ್ಮ ಇರುವ ಕಡೆ ಅವರು ತಮ್ಮ ಯಜಮಾನಿಕೆಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುತ್ತಾರೆ.

ದೊಡ್ಡಮ್ಮನಿಗೆ ಓರೆಕೋರೆ ಕಂಡರೆ ಆಗದು. ಯಾರ ಮನೆಗೆ ಹೋದರೂ ಮೊದಲು ಅವರ ಪೇಪರುಗಳ ಅಂಚು ಸಮ ಮಾಡಿ ಆಮೇಲೆ ಕೂರುತ್ತಾಳೆ. ಒಮ್ಮೆ ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದ ಗಂಡಸಿಗೆ ಗುಂಡಿ ತಪ್ಪಿ ಹಾಕಿದ್ದೀರಿ ಅಂತ ಅಂಗಿಯ ಗುಂಡಿಯನ್ನೆಲ್ಲ ಬಿಚ್ಚಿಸಿ ಹಾಕಿಸಿದ್ದಳು. ನಾನು ನಾಚಿಕೆಯಿಂದ ಎರಡು ಸ್ಟಾಪು ಮುಂಚೆಯೇ ಇಳಿದುಹೋದೆ. ಸಂಗೀತದ ಬಗ್ಗೆ ಅವಳಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ರೇಡಿಯೋ ಇರುವುದು ಗಂಟೆ ಎಷ್ಟಾಯಿತು ಅಂತ ತಿಳಿಯಲು ಎಂದುಕೊಂಡಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹಾಡಿನ ಮೇಷ್ಟ್ರು ಬಂದರು. ತೆಳ್ಳನೆಯ ಮನುಷ್ಯ, ಪೊರೆ ತೆಗೆಸಿಕೊಂಡ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ಕೈಯಲ್ಲಿ ನಾಲ್ಕು ಕಟ್ಟು, ಎಲ್ಲವೂ ಕೈಬರಹದ ಬಿಡಿ ಹಾಳೆಗಳು, ಹೊಲಿಗೆ ಬಿಚ್ಚಿ ಅಂಚು ಹರಿದಿದ್ದವು. "ಇವನ್ನ ಬೈಂಡ್ ಮಾಡ್ಕೊಡಿ ತಾಯಿ. ಜೋಪಾನ. ಲೋಕದಲ್ಲಿ ಇದೊಂದೇ ಪ್ರತಿ ಇರೋದು. ಇನ್ನು ಇಪ್ಪತ್ತು ದಿನಕ್ಕೆ ಲೈಬ್ರರಿ ಹಾಲ್‌ನಲ್ಲಿ ನಮ್ಮ ಹಾಡಿದೆ" ಅಂದರು. "ಒಂದು ಜೆರಾಕ್ಸಾದ್ರೂ ಇಟ್ಕೋಬಾರ್ದಾ?" ಎಂದು ನಾನು ಕೇಳಿದ್ದಕ್ಕೆ, ಆ ಬೆಳಕಿಗೆ ಹಳೇ ಶಾಯಿ ಹಾರಿಹೋಗುತ್ತದೆ ಎಂದು ನನ್ನನ್ನೇ ಗದರಿಸಿ, ಆಸ್ಪತ್ರೆಗೆ ಹೊತ್ತಾಯಿತೆಂದು ಓಡಿದರು. ನಾಲ್ಕು ಕಟ್ಟು ನಾಲ್ಕು ಪುಸ್ತಕ ಆಗಬೇಕು ಅಂತ ಅವರು ಹೇಳಲಿಲ್ಲ. ಅವರ ಪ್ರಕಾರ ಅದು ಹಸುಗೂಸಿಗೂ ಗೊತ್ತಿರುವ ವಿಷಯ.

ದೊಡ್ಡಮ್ಮ ಕಟ್ಟುಗಳನ್ನು ಬಿಚ್ಚಿ ನೋಡಿದಳು. ಮೊದಲ ಕಟ್ಟಿನಲ್ಲಿ ಒಂದರಿಂದ ಇಪ್ಪತ್ತೆರಡರ ತನಕ ಹಾಡು. ಎರಡನೆಯದರಲ್ಲೂ ಒಂದರಿಂದ ಇಪ್ಪತ್ತೆರಡು. ಮೂರನೆಯದು, ನಾಲ್ಕನೆಯದು, ಅವೂ ಹಾಗೇ. ನಮಗೆ ಯಾರಿಗೂ ಓದಲು ಬಾರದ ಭಾಷೆ, ಆದರೆ ಪದಗಳು ಅವೇ ಎಂದು ಆಕಾರದಿಂದ ಗೊತ್ತಾಗುತ್ತಿತ್ತು. ಮೇಲಿನ ಚುಕ್ಕೆಗಳು ಮಾತ್ರ ಬೇರೆ ಬೇರೆ.

"ನೋಡಿದ್ಯೇನೇ? ಯಾರೋ ಪುಣ್ಯಾತ್ಮರು ಒಂದು ಪುಸ್ತಕಾನ ನಾಲ್ಕು ಪಾಲು ಮಾಡಿ ಹಂಚಿಬಿಟ್ಟಿದಾರೆ" ಎಂದು ದೊಡ್ಡಮ್ಮ ಕನಿಕರಪಟ್ಟಳು. ನಮ್ಮ ಕೆಲಸದ ಮೊದಲ ಪಾಠವೇ ಒಂದೇ ಅಂಕೆಯ ಹಾಳೆಗಳು ಒಂದೇ ಕಡೆ ಇರಬೇಕು ಎನ್ನುವುದು. ಅವಳು ಎರಡು ದಿನ ಕೂತು, ಒಂದನೆಯ ಹಾಡಿನ ಹಾಳೆಗಳನ್ನು ನಾಲ್ಕೂ ಕಟ್ಟಿನಿಂದ ತೆಗೆದು ಒಟ್ಟಿಗೆ ಇಟ್ಟಳು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ನೂರ ಎಪ್ಪತ್ತಾರು ಹಾಳೆ. ಹೊಲಿದಳು, ಬೆನ್ನಿಗೆ ಅಂಟು ಹಾಕಿದಳು, ಒತ್ತಿದಳು. ಅಂಚು ಕೊಳೆಯಾಗಿ ಹರಿದಿದ್ದರಿಂದ ಮೂರು ಕಡೆಯೂ ಒಂದೊಂದು ಕಿರುಬೆರಳಗಲ ಕತ್ತರಿಸು ಅಂದಳು. ನಾನು ಹಿಡಿ ಎಳೆದೆ. ನೀಲಿ ಕ್ಯಾಲಿಕೋ ಬಟ್ಟೆಯ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಗೆರೆ. ಅಂಥ ಚಂದದ ದಪ್ಪ ಪುಸ್ತಕ ನಮ್ಮ ಅಂಗಡಿಯಿಂದ ಅದಕ್ಕೆ ಮುಂಚೆ ಹೊರಬಿದ್ದಿರಲಿಲ್ಲ.

ಪುಸ್ತಕ ಒಯ್ಯಲು ಮೇಷ್ಟ್ರು ತಮ್ಮ ನಾಲ್ಕು ಜನ ಹಾಡುಗಾರರನ್ನೂ ಕರೆತಂದರು. ಮೇಲಿನ ದನಿಯವಳು ನರ್ಸು. ತಗ್ಗಿನ ದನಿಯವನು ಬಸ್ ಡ್ರೈವರು, ಅವನು ಮಾತಾಡಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ನಡುವಿನ ಎರಡು ದನಿಗೆ ಅಣ್ಣತಮ್ಮ ಇಬ್ಬರು, ವೈರಿಂಗ್ ಕೆಲಸದವರು, ಮಾತುಮಾತಿಗೆ ಕಚ್ಚಾಡುವವರು. ನಾಲ್ವರೂ ಸಾಲಾಗಿ ನಿಂತು ಕೈ ಚಾಚಿದರು. ದೊಡ್ಡಮ್ಮ ಮೊದಲನೆಯ ಕೈಗೆ ಪುಸ್ತಕ ಇಟ್ಟಳು. ಉಳಿದ ಮೂರು ಕೈಗಳು ಹಾಗೇ ಕಾಯುತ್ತಿದ್ದವು.

"ಉಳಿದದ್ದು?" ಅಂದರು ಮೇಷ್ಟ್ರು.

"ಎಲ್ಲಾ ಅದರಲ್ಲೇ ಇದೆ. ಕಲಸಿಹೋಗಿತ್ತು, ಸರಿ ಮಾಡಿಟ್ಟಿದೀನಿ" ಅಂದಳು ದೊಡ್ಡಮ್ಮ. ಆಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಮೇಷ್ಟ್ರು ಪುಸ್ತಕ ಬಿಡಿಸಿದರು, ನಾಲ್ಕು ಹಾಳೆ ತಿರುವಿದರು, ರಟ್ಟಿನ ಅಟ್ಟಿಯ ಮೇಲೆ ಕೂತುಬಿಟ್ಟರು. ಡ್ರೈವರೇ ನಮಗೆ ಬಿಡಿಸಿ ಹೇಳಿದ್ದು. ನಾಲ್ಕು ಜನ, ಒಂದೇ ಪದ, ನಾಲ್ಕು ಬೇರೆ ಬೇರೆ ರಾಗ, ಎಲ್ಲ ಒಟ್ಟಿಗೆ. ನಾನೂರು ವರ್ಷದ ಹಿಂದೆ ಕಡಲಾಚೆಯ ದೇಶಗಳಲ್ಲಿ ಹಾಗೆಯೇ ಹಾಡುತ್ತಿದ್ದರು, ವಾದ್ಯ ಇಲ್ಲ, ಬರೀ ಗಂಟಲು. ಒಬ್ಬೊಬ್ಬರಿಗೂ ಅವರವರ ಪಾಲು ಮಾತ್ರ ಬರೆದ ಒಂದೊಂದು ಪುಸ್ತಕ. ಬೇರೆಯವರ ಪಾಲನ್ನು ಯಾರೂ ನೋಡುವಂತಿಲ್ಲ, ಕೇಳಿಸಿಕೊಳ್ಳಬೇಕು. "ಈಗ ನಾಲ್ಕು ಜನ ಒಂದೇ ಪುಸ್ತಕಕ್ಕೆ ತಲೆ ತೂರಿಸ್ಬೇಕು. ನಾನು ಹಾಳೆ ತಿರುವೋ ಹೊತ್ತಿಗೆ ಅವರದಿನ್ನೂ ಮುಗಿದಿರಲ್ಲ" ಅಂದ ಡ್ರೈವರು. ತಮ್ಮ ಕಿಸಕ್ಕನೆ ನಕ್ಕ. ಅಣ್ಣ ಅವನ ಕಾಲು ತುಳಿದ.

ದೊಡ್ಡಮ್ಮನ ಮುಖ ಅಂಟಿನ ಬಣ್ಣಕ್ಕೆ ತಿರುಗಿತು. ಆದರೆ ಅವಳು ಕೈಕಾಲು ಬಿಡುವವಳಲ್ಲ. "ಹೊಲಿದವಳು ನಾನು, ಬಿಚ್ಚೋಳೂ ನಾನೇ. ಯಾವ ಹಾಳೆ ಯಾರದು ಅಂತ ಹೇಳಿ, ನಾಲ್ಕು ಪುಸ್ತಕ ಮಾಡಿಕೊಡ್ತೀನಿ."

"ಮೇಲಿನ ಮೂಲೇಲಿ ಕೆಂಪು ಗುರುತಿರುತ್ತೆ ನೋಡಿ" ಎಂದು ಮೇಷ್ಟ್ರು ಬೆರಳಿಟ್ಟರು. ಬೆರಳು ಇಟ್ಟಲ್ಲಿ ಗುರುತಿರಲಿಲ್ಲ. ನೂರ ಎಪ್ಪತ್ತಾರು ಹಾಳೆಯಲ್ಲಿ ಒಂದರಲ್ಲೂ ಇರಲಿಲ್ಲ. ಎಲ್ಲರೂ ಕಟಿಂಗ್ ಮಷೀನಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಕೊಳೆ ಅಂಚು ಕತ್ತರಿಸುವುದು ನನ್ನ ಕೆಲಸ ಸ್ವಾಮೀ, ಅದರಲ್ಲಿ ಯಾರ ಗುರುತಿದೆ ಎಂದು ಕನಸು ಬೀಳುತ್ತದೆಯೇ?

ಮೇಲಿನ ದನಿ, ತಗ್ಗಿನ ದನಿ ಸಾಲಿನ ಮೊದಲಿನ ಚಿಹ್ನೆಯಿಂದಲೇ ಗೊತ್ತಾಗುತ್ತಿದ್ದವು. ತೊಂದರೆ ನಡುವಿನ ಎರಡರದ್ದು. ಅವಕ್ಕೆ ಒಂದೇ ಚಿಹ್ನೆ, ಒಂದೇ ಕೈಬರಹ, ಒಂದೇ ಎತ್ತರ. ಪ್ರತಿ ಹಾಡಿಗೂ ಒಬ್ಬೊಬ್ಬರಿಗೆ ಎರಡು ಹಾಳೆ. ಮೊದಲನೆಯ ಹಾಳೆಗೆ ಯಾವ ಎರಡನೆಯ ಹಾಳೆ ಜೋಡಿ ಅನ್ನುವುದನ್ನು ಕಂಡುಹಿಡಿಯಬೇಕು. ಮೇಷ್ಟ್ರ ಕಣ್ಣಿಗೆ ಓದುವ ಕೆಲಸವನ್ನು ಡಾಕ್ಟರು ತಿಂಗಳ ಮಟ್ಟಿಗೆ ನಿಲ್ಲಿಸಿದ್ದರು. ಹಾಡುಗಾರರಿಗೆ ಯಾವುದೂ ಬಾಯಿಪಾಠ ಆಗಿರಲಿಲ್ಲ. ಉಳಿದ ದಾರಿ ಒಂದೇ, ಹಾಡಿ ನೋಡುವುದು. ಜೋಡಿ ತಪ್ಪಿದ್ದರೆ ಹಾಳೆ ತಿರುವಿದ ಕೂಡಲೇ ಹೆಜ್ಜೆ ತಪ್ಪಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

"ಹಾಗಾದ್ರೆ ಇಲ್ಲೇ ಹಾಡಿ. ಒಂದು ಹಾಳೇನೂ ಈ ಮೇಜು ಬಿಟ್ಟು ಹೋಗಲ್ಲ" ಅಂದಳು ದೊಡ್ಡಮ್ಮ. ಹೀಗೆ ಪ್ರತಿ ಸಂಜೆ ಐದೂವರೆಗೆ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಹಾಡು ಶುರುವಾಯಿತು.

ಮೊದಲ ಸಂಜೆ ದೊಡ್ಡಮ್ಮ ದಬ್ಬಣ ಹಿಡಿದು, ದಾರ ಕೀಳುತ್ತಾ, ಹುಬ್ಬು ಗಂಟಿಕ್ಕಿಕೊಂಡೇ ಕೂತಿದ್ದಳು. ಅಣ್ಣ ಒಬ್ಬನೇ ಶುರು ಮಾಡಿದ. ಅವನು ನಾಲ್ಕು ಪದ ಹೇಳುವಷ್ಟರಲ್ಲಿ ನರ್ಸು ಅದೇ ನಾಲ್ಕು ಪದವನ್ನು ಇನ್ನೂ ಮೇಲಿನಿಂದ ಹಿಡಿದಳು. ಅಣ್ಣ ಆಗಲೇ ಬೇರೆ ಕಡೆ ಹೋಗಿಬಿಟ್ಟಿದ್ದ. ತಮ್ಮ ಬಂದ, ಕೊನೆಗೆ ಡ್ರೈವರು ನೆಲದಡಿಯಿಂದ ಎದ್ದ. ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, ಯಾರೂ ಇನ್ನೊಬ್ಬರಿಗೆ ಕಾಯುತ್ತಿರಲಿಲ್ಲ, ಆದರೂ ಯಾರೂ ಯಾರನ್ನೂ ತುಳಿಯುತ್ತಿರಲಿಲ್ಲ. ಪ್ರೆಸ್ಸಿನ ಕಬ್ಬಿಣದ ಚಕ್ರ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಹಾಳೆ ತಿರುವಿದರು, ಜೋಡಿ ತಪ್ಪಿತ್ತು, ಪಾತ್ರೆ ಅಂಗಡಿಯ ಕಪಾಟು ಬಿದ್ದಂತಾಯಿತು.

"ನಿಲ್ಸಿ! ತಪ್ಪು!" ಎಂದು ಕೂಗಿದವಳು ದೊಡ್ಡಮ್ಮ. ಮೇಷ್ಟ್ರು ಇನ್ನೂ ಬಾಯಿ ತೆರೆದಿರಲಿಲ್ಲ. ಅವಳು ಎದ್ದು ಅಣ್ಣತಮ್ಮಂದಿರ ಕೈಯಿಂದ ಎರಡನೆಯ ಹಾಳೆಗಳನ್ನು ಕಿತ್ತು ಅದಲು ಬದಲು ಮಾಡಿ, "ಈಗ ಹಾಡಿ" ಅಂದಳು. ಹಾಡಿದರು. ಹಾಳೆ ತಿರುವಿದ್ದೇ ಗೊತ್ತಾಗದ ಹಾಗೆ ಹರಿದುಹೋಯಿತು. ದೊಡ್ಡಮ್ಮನ ಕೈಯ ದಬ್ಬಣ ಕೆಳಗೆ ಬಿತ್ತು, ಅದನ್ನು ಅವಳು ಎತ್ತಿಕೊಳ್ಳಲಿಲ್ಲ. "ಇನ್ನೊಂದ್ಸಲ" ಅಂದಳು. ಜೋಡಿ ಸರಿಹೋದ ಮೇಲೆ ಇನ್ನೊಂದ್ಸಲ ಹಾಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಹಾಡಿದರು.

ಅಲ್ಲಿಗೆ ಮುಗಿಯಿತು ನೋಡಿ ಅವಳ ಕಥೆ. ಮರುದಿನ ರಿಜಿಸ್ಟರು ಹೊಲಿಯುವಾಗ ಗುನುಗು. ಸಾಲದ್ದಕ್ಕೆ ನನ್ನನ್ನೂ ಎಳೆದಳು. "ನೀನು ಇದನ್ನೇ ಹೇಳು, ನಾನು ಮುಗಿಸೋಕೆ ಮುಂಚೆ ಹೇಳು, ನನ್ನ ಹಿಂದೆ ಓಡಿ ಬಾ!" ನನಗೆ ಸಂಗೀತವೆಂದರೆ ತಲೆನೋವು. ನನ್ನ ದನಿ ಕೇಳಿದರೆ ಬೆಕ್ಕು ಮನೆ ಬಿಡುತ್ತದೆ. ಆದರೂ ರಟ್ಟು ಅಳೆಯುತ್ತಾ ಅವಳ ಹಿಂದೆ ಓಡಿದೆ. ಮೂರನೆಯ ದಿನ ಯಜಮಾನರು ಬಾಗಿಲಲ್ಲಿ ನಿಂತು, "ಇದು ಬೈಂಡಿಂಗ್ ಅಂಗಡಿನೋ ಏನು?" ಅಂದರು. ದೊಡ್ಡಮ್ಮ ತಲೆ ಎತ್ತದೆ, "ನೀವು ತಗ್ಗಿನ ದನಿ, ಸ್ವಲ್ಪ ಇರಿ, ನಿಮ್ಮ ಸರದಿ ಬರುತ್ತೆ" ಅಂದಳು. ಯಜಮಾನರು ನಿಜಕ್ಕೂ ಸ್ವಲ್ಪ ಹೊತ್ತು ಕಾದರು.

ಬೀದಿಯಲ್ಲಿ ಅವಳೊಡನೆ ನಡೆಯುವುದೇ ಕಷ್ಟವಾಯಿತು. ಮೀನು ಮಾರುವವಳು ಒಂದು ಕಡೆ, ಹಳೇ ಕಬ್ಬಿಣ ಕೊಳ್ಳುವವನು ಇನ್ನೊಂದು ಕಡೆ ಕೂಗಿದರೆ ನಡುರಸ್ತೆಯಲ್ಲಿ ನಿಂತುಬಿಡುವಳು. "ಕೇಳೇ, ಕೇಳೇ, ಅವನು ಅವಳಿಗೆ ಜಾಗ ಬಿಟ್ಟುಕೊಟ್ಟ!" ಹಿಂದಿನಿಂದ ಆಟೋದವನು ಹಾರ್ನ್ ಹೊಡೆದರೆ ಅದನ್ನೂ ಸೇರಿಸಿಕೊಂಡು ಚಪ್ಪಾಳೆ ತಟ್ಟುವಳು. ಮನೆಯಲ್ಲಿ ದೊಡ್ಡಪ್ಪ ಅವಳ ಹಣೆ ಮುಟ್ಟಿ ನೋಡಿದರು. ದೊಡ್ಡಪ್ಪನದು ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡುವ ಕೆಲಸ, ಮೂವತ್ತು ವರ್ಷದಿಂದ ಹೆಂಡತಿ ಹೇಳಿದ ಮೇಲೆ ಮಾತಾಡಿ ಅಭ್ಯಾಸ. "ಜ್ವರ ಇಲ್ಲ. ಆದ್ರೂ ಹೀಗೆ ನಗ್ತಾಳೆ. ಯಾಕಮ್ಮಾ?" ಎಂದು ನನ್ನನ್ನು ಕೇಳಿದರು. ಅವಳಿಗೆ ಖುಷಿಯಾಗಿತ್ತು. ಆ ವಯಸ್ಸಿನ ಮನುಷ್ಯರಿಗೆ ಅಷ್ಟು ಖುಷಿಯಾದದ್ದನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ.

ಐದನೆಯ ಸಂಜೆ ಅವಳು ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿದಳು. "ಮೇಷ್ಟ್ರೇ, ಅದ್ಯಾಕೆ ಅಲ್ಲೊಂದು ಕಡೆ ಚುಚ್ಚುತ್ತೆ? ಇನ್ನೇನು ಎಲ್ಲಾ ಹರಿದುಹೋಯ್ತು ಅನ್ಸುತ್ತೆ, ಆಮೇಲೆ ಸರಿಹೋಗುತ್ತೆ. ಅದು ಬಂದಾಗೆಲ್ಲ ನನ್ನ ಎದೆ ಧಸಕ್ ಅನ್ನುತ್ತೆ."

ಮೇಷ್ಟ್ರ ಒಂದು ಕಣ್ಣು ಹೊಳೆಯಿತು. "ಎಲ್ಲರೂ ಮುಂದಿನ ಸ್ವರಕ್ಕೆ ಹೋಗಿಬಿಟ್ಟಿರ್ತಾರೆ ತಾಯಿ, ಒಬ್ಬನು ಮಾತ್ರ ಹಳೇ ಸ್ವರಾನೇ ಹಿಡ್ಕೊಂಡು ನಿಂತಿರ್ತಾನೆ. ಅದಕ್ಕೇ ಜಗಳ. ಆಮೇಲೆ ಅವನು ಒಂದು ಮೆಟ್ಟಿಲು ಕೆಳಗಿಳಿದರೆ ಸಮಾಧಾನ. ಆ ಕಾಲದವರು ಇದಕ್ಕೋಸ್ಕರಾನೇ ಹಾಡು ಬರೀತಿದ್ರು ಅನ್ಸುತ್ತೆ ನಂಗೆ."

ಅವತ್ತು ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ತುಂಬ ಯೋಚಿಸಿ, "ಹಠ ಹಿಡಿಯೋದು ಗೊತ್ತಾಯ್ತು. ಇಳಿಯೋದನ್ನ ನೀನೂ ಕಲೀತೀಯಾ?" ಅಂದರು. ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಹತ್ತೊಂಬತ್ತನೆಯ ಹಾಡಿಗೆ ಬಂದದ್ದು ಒಂಬತ್ತನೆಯ ಸಂಜೆ. ಅಲ್ಲಿಯವರೆಗೆ ಹದಿನೆಂಟು ಹಾಡು ಜೋಡಿಯಾಗಿ, ನಾಲ್ಕು ಪುಸ್ತಕಗಳು ಮೇಜಿನ ಮೇಲೆ ಬೆಳೆಯುತ್ತಿದ್ದವು. ಈ ಹಾಡನ್ನು ನಾಲ್ವರಲ್ಲಿ ಯಾರೂ ಹಿಂದೆ ಹಾಡಿರಲಿಲ್ಲ. ಮೇಷ್ಟ್ರು ಹುಡುಗನಾಗಿದ್ದಾಗ ಒಮ್ಮೆ ತಮ್ಮ ಗುರುಗಳಿಂದ ಕೇಳಿದ್ದರಂತೆ. ಶುರುವಾಯಿತು, ಹಾಳೆ ತಿರುವಿದರು, ಮೊದಲ ಸಲಕ್ಕೇ ಜೋಡಿ ಸರಿಯಾಗಿತ್ತು. ಹದಿನೆಂಟು ಹಾಡು ಕೇಳಿದ್ದ ನನ್ನಂಥ ಕಲ್ಲಿಗೂ ಮೈ ಜುಮ್ಮೆಂದಿತು. ಇನ್ನೇನು ಮುಗಿಯಬೇಕು, ತಮ್ಮ ತಟ್ಟನೆ ನಿಂತುಬಿಟ್ಟ. ಉಳಿದ ಮೂವರೂ ಒಬ್ಬೊಬ್ಬರಾಗಿ ನಿಂತರು.

"ಮುಂದೆ ಇಲ್ಲ" ಅಂದ ತಮ್ಮ.

ಹಾಳೆಯ ತಳ ನೋಡಿದೆವು. ಬರೆದ ಮಹಾನುಭಾವ ಇನ್ನೊಂದು ಹಾಳೆ ಯಾಕೆ ದಂಡ ಎಂದು ಕೊನೆಯ ಸಾಲನ್ನು ಅಂಚಿಗೆ ಒತ್ತಿ ಬರೆದಿದ್ದ. ಈಗ ಅಲ್ಲಿ ಕೂದಲೆಳೆಯಷ್ಟು ಶಾಯಿಯ ತುದಿಗಳು ಮಾತ್ರ ಉಳಿದಿದ್ದವು. ಸಾಲು ನನ್ನ ಮಷೀನಿನ ಬಾಯಿಗೆ ಹೋಗಿತ್ತು. ಕತ್ತರಿಸಿದ ಚೂರುಗಳ ಚೀಲ ರದ್ದಿ ಲಾರಿಯಲ್ಲಿ ಕಾಗದದ ಕಾರ್ಖಾನೆ ಸೇರಿ ವಾರವಾಗಿತ್ತು. ನಾನು ಮರುದಿನ ಬೆಳಿಗ್ಗೆ ಅಲ್ಲಿಗೂ ಹೋಗಿ ಬಂದೆ. ಅಲ್ಲಿಯವನು ನನಗೆ ಒಂದು ದೊಡ್ಡ ತೊಟ್ಟಿ ತೋರಿಸಿ, "ಅದರಲ್ಲಿದೆ, ತಗೊಳ್ಳಿ" ಅಂದ. ತೊಟ್ಟಿಯ ತುಂಬ ಬೂದು ಬಣ್ಣದ ರೊಚ್ಚೆ.

ದೊಡ್ಡಮ್ಮ ಆ ದಿನ ಗುನುಗಲಿಲ್ಲ. ಸಂಜೆ ಮೇಷ್ಟ್ರು ಬಂದು, ಹೋಗಲಿ ಬಿಡಿ, ಆ ಹಾಡನ್ನು ಬಿಟ್ಟು ಉಳಿದದ್ದನ್ನು ಹಾಡೋಣ ಅಂದಾಗ ಅವಳು ಸಿಡಿದಳು.

"ಹೋಗ್ಲಿ ಬಿಡಿ ಅಂತೀರಲ್ಲ! ನಾನೂರು ವರ್ಷ ಯುದ್ಧ ಆಯ್ತು, ಬೆಂಕಿ ಬಿತ್ತು, ಇಲಿ ತಿಂತು. ಅಷ್ಟರಿಂದಲೂ ತಪ್ಪಿಸ್ಕೊಂಡು ಬಂದಿದ್ದು ನನ್ನ ಮೇಜಿನ ಮೇಲೆ ಸಾಯ್ಬೇಕಾ? ನಾನು ಕೊಂದೆ ಅಂತ ಆಗ್ಬೇಕಾ?" ಅವಳ ಕಣ್ಣಲ್ಲಿ ನೀರಿತ್ತು. ತನ್ನ ಮಗನ ಮದುವೆಯಲ್ಲೂ ಅಳದವಳು ಅವಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಎರಡು ದಿನ ತಲೆ ಕೆಡಿಸಿಕೊಂಡು, ಆ ಜಾಗಕ್ಕೆ ತಾವೇ ಮೂರು ಬಗೆಯ ಸಾಲು ಮಾಡಿ ತಮ್ಮನಿಗೆ ಬಾಯಲ್ಲೇ ಹೇಳಿಕೊಟ್ಟರು. ಮೂರೂ ಹೊಂದುತ್ತಿದ್ದವು, ಒಂದೂ ಉಸಿರಾಡುತ್ತಿರಲಿಲ್ಲ. ಪ್ರತಿ ಸಲವೂ ದೊಡ್ಡಮ್ಮ ತಲೆ ಅಲ್ಲಾಡಿಸಿದಳು. "ಇದಲ್ಲ ಮೇಷ್ಟ್ರೇ. ಈ ದನಿ ಹಾಡಿನ ತುಂಬ ಎಲ್ಲರಿಗಿಂತ ಹಿಂದೇನೇ ಬಂದಿದೆ. ಈಗ ಕೊನೇಲಿ ಇಷ್ಟು ಬೇಗ ಒಪ್ಪಿಬಿಡುತ್ತಾ?"

ಮೇಷ್ಟ್ರಿಗೂ ಕೋಪ ಬರುತ್ತದೆ ಎಂದು ಅವತ್ತು ಗೊತ್ತಾಯಿತು. "ಹಾಗಾದ್ರೆ ನೀವೇ ಹಾಡಿ ತೋರಿಸಿ ತಾಯಿ."

ದೊಡ್ಡಮ್ಮ ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಒಳಗೆ ಕೇಳಿಸುತ್ತೆ, ಬಾಯಿಗೆ ಬರಲ್ಲ" ಎಂದು ಕೂತಳು. ಕಿವಿಯ ತನಕ ಕೆಂಪಾಗಿತ್ತು. ಕೊನೆಗೆ ಅವಳ ಬೇಡಿಕೆಯ ಮೇಲೆ ಒಂದು ರಾಜಿ ಆಯಿತು. ಹಾಡನ್ನು ಬಿಡುವುದು ಬೇಡ. ಆ ಸಾಲು ಬಂದಾಗ ತಮ್ಮ ಸುಮ್ಮನಿರಲಿ, ಉಳಿದ ಮೂವರು ಹಾಡಿ ಮುಗಿಸಲಿ. ತೂತಿದ್ದರೂ ಬದುಕಿರಲಿ.

ಉಳಿದ ಮೂರು ಹಾಡೂ ಜೋಡಿಯಾಗಿ, ನಾಲ್ಕು ಪುಸ್ತಕಗಳೂ ಹಾಡಿನ ಹಿಂದಿನ ದಿನ ಸಿದ್ಧವಾದವು.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಲೈಬ್ರರಿಯ ಮಹಡಿಯ ಮೇಲಿನ ಹಾಲು, ಅರವತ್ತು ಕುರ್ಚಿ, ನಲವತ್ತು ಜನ. ಅದರಲ್ಲಿ ಹತ್ತು ಜನ ಕೆಳಗೆ ಪೇಪರು ಓದಲು ಬಂದು ದಾರಿ ತಪ್ಪಿದವರು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ, ಅವಳ ಒಂದು ಪಕ್ಕ ದೊಡ್ಡಪ್ಪ, ಇನ್ನೊಂದು ಪಕ್ಕ ನಾನು. ನಾಲ್ವರು ನಾಲ್ಕು ನೀಲಿ ಪುಸ್ತಕ ಹಿಡಿದು ನಿಂತರು. ಮೇಷ್ಟ್ರು ಕೈ ಎತ್ತಿದರು.

ಆ ಕಟ್ಟಡದ ಎತ್ತರದ ಚಾವಣಿ ಹಾಡಿಗೆ ಏನು ಮಾಡಿತೆಂದು ನಾನು ಹೇಳಲಾರೆ. ನಮ್ಮ ಕೋಣೆಯಲ್ಲಿ ನಾಲ್ಕು ಜನರಂತೆ ಕೇಳುತ್ತಿದ್ದವರು ಇಲ್ಲಿ ನಲವತ್ತು ಜನರಂತೆ ಕೇಳಿದರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಚುಚ್ಚುವ ಜಾಗ ಬಂದಾಗಲೆಲ್ಲ ಹಿಂಡುತ್ತಿದ್ದಳು. ಹತ್ತು ಹಾಡು ಮುಗಿಯುವುದರಲ್ಲಿ ನನ್ನ ಬೆರಳುಗಳಿಗೆ ಜೋಮು ಹಿಡಿದಿತ್ತು. ದೊಡ್ಡಪ್ಪ ಬಾಯಿ ಅರ್ಧ ತೆರೆದುಕೊಂಡು ಕೂತಿದ್ದರು.

ಹತ್ತೊಂಬತ್ತನೆಯದು ಶುರುವಾದಾಗ ಅವಳು ನನ್ನ ಕೈ ಬಿಟ್ಟಳು. ಹಾಡು ಬೆಳೆಯಿತು, ಒಬ್ಬರ ಹಿಂದೊಬ್ಬರು ಓಡಿದರು, ಹಾಳೆ ತಿರುವಿದರು. ಆ ಸಾಲು ಹತ್ತಿರ ಬಂದ ಹಾಗೆ ನಾನು ನೆಲ ನೋಡಿದೆ. ತಮ್ಮ ನಿಂತ. ಅವನ ದನಿ ಇದ್ದ ಕಡೆ ಬಾಗಿಲು ತೆರೆದಿಟ್ಟಂತೆ ಖಾಲಿಯಾಯಿತು.

ಆ ಖಾಲಿ ಜಾಗದೊಳಕ್ಕೆ ನನ್ನ ಪಕ್ಕದಿಂದ ಒಂದು ದನಿ ಹೋಯಿತು.

ಮೂವತ್ತೆಂಟು ವರ್ಷ ಪ್ರೆಸ್ಸಿನ ಸದ್ದಿನ ಮೇಲೆ ಕೂಗಿ ಒರಟಾದ ದನಿ. ಪದ ಏನೋ ಅರೆಬರೆ. ತಮ್ಮ ಬಿಟ್ಟ ಸ್ವರವನ್ನೇ ಅದು ಹಿಡಿಯಿತು, ಹಿಡಿದದ್ದನ್ನು ಬಿಡಲಿಲ್ಲ. ನರ್ಸು ಮೇಲಿನಿಂದ ಇಳಿದಳು, ಅದು ಇಳಿಯಲಿಲ್ಲ. ಅಣ್ಣ ಪಕ್ಕಕ್ಕೆ ಸರಿದ, ಅದು ಸರಿಯಲಿಲ್ಲ. ಡ್ರೈವರು ಕೆಳಗಿಂದ ಒಂದು ಹೆಜ್ಜೆ ಇಟ್ಟ, ಚುಚ್ಚಿತು, ಎಂಥ ಚುಚ್ಚು ಅಂತೀರಿ, ನಲವತ್ತು ಜನರ ಉಸಿರೂ ಒಟ್ಟಿಗೆ ನಿಂತಿತು. ಆಗ, ಇನ್ನು ತಡೆಯಲಾರೆ ಎನ್ನುವ ಹೊತ್ತಿಗೆ, ದೊಡ್ಡಮ್ಮ ಒಂದು ಮೆಟ್ಟಿಲು ಕೆಳಗಿಳಿದಳು. ಮೂವರೂ ಅವಳನ್ನು ಸುತ್ತುವರಿದು ಕೊನೆಯ ಸ್ವರದಲ್ಲಿ ಒಟ್ಟಿಗೆ ನಿಂತರು. ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಎರಡೂ ಒಟ್ಟಿಗೆ ಬಂದು ಮೂಗು ಸೋರಿತು.

ಚಪ್ಪಾಳೆ ಬಿತ್ತು. ಜನರೆಲ್ಲ ಇದನ್ನು ಮೊದಲೇ ಗೊತ್ತು ಮಾಡಿದ್ದೆಂದು ತಿಳಿದಿದ್ದರು. ಮೇಷ್ಟ್ರು ತಿರುಗಿ ನೋಡಿದರು. ದೊಡ್ಡಮ್ಮ ನನ್ನ ಕಿವಿಯಲ್ಲಿ, "ಯಾರೇ ಅದು ಹಾಡಿದ್ದು?" ಅಂದಳು. ಆಣೆಗೂ ಅವಳಿಗೆ ಗೊತ್ತಿರಲಿಲ್ಲ.

"ನೀನೇ" ಅಂದರು ದೊಡ್ಡಪ್ಪ. "ಇಳಿದೆ ಕೂಡ."

ಉಳಿದ ಮೂರು ಹಾಡೂ ಮುಗಿದು ಜನ ಹೋದ ಮೇಲೆ ಮೇಷ್ಟ್ರು ಪೆನ್ಸಿಲು ಹಿಡಿದು ಅವಳ ಮುಂದೆ ಕೂತು, ಇನ್ನೊಮ್ಮೆ ಹಾಡಿ ಅಂದರು. ಬರಲಿಲ್ಲ. ಮೂವರನ್ನೂ ನಿಲ್ಲಿಸಿ ಹಾಡಿಸಿದಾಗ ಮಾತ್ರ ಬಂತು. ಐದು ಸಲ ಹಾಡಿಸಿದರು. ದೊಡ್ಡಮ್ಮ ಆ ಹಾಳೆಯ ತಳಕ್ಕೆ ತೆಳ್ಳನೆಯ ಒಂದು ಕಾಗದದ ಪಟ್ಟಿ ಅಂಟಿಸಿಕೊಟ್ಟಳು, ಮೇಷ್ಟ್ರು ಒಂದೇ ಕಣ್ಣಿನಲ್ಲಿ ದೊಡ್ಡ ದೊಡ್ಡದಾಗಿ ಬರೆದರು.

"ಪೆನ್ಸಿಲ್ ಯಾಕೆ? ಶಾಯೀಲಿ ಬರೀರಿ" ಅಂದಳು.

"ನಿಜವಾದ ಸಾಲು ಎಲ್ಲಾದ್ರೂ ಸಿಕ್ಕಿದ್ರೆ ಅಳಿಸ್ಬೇಕಾಗುತ್ತೆ ತಾಯಿ. ನಮ್ಮ ಗುರುಗಳು ಹಾಡ್ತಿದ್ದದ್ದು ಇದೇನಾ ಅಂದ್ರೆ ನಂಗೆ ಗೊತ್ತಿಲ್ಲ."

"ಸಿಕ್ಕಿದ್ರೆ ತನ್ನಿ, ನಾನೇ ಕಿತ್ತು ಅದನ್ನ ಅಂಟಿಸ್ತೀನಿ. ಅಲ್ಲೀವರೆಗೆ ಶಾಯಿ."

ಮೇಷ್ಟ್ರು ಶಾಯಿ ತೆಗೆದರು.

ಆಮೇಲೆ ಇನ್ನೊಂದು ಫಜೀತಿ. ಆ ಸಾಲನ್ನು ತಮ್ಮನಿಂದ ಹಾಡಲು ಆಗಲಿಲ್ಲ. ಅಷ್ಟು ಹೊತ್ತು ಹಿಡಿದು ನಿಲ್ಲುವ ಗುಂಡಿಗೆ ಅವನಿಗಿಲ್ಲ, ಪ್ರತಿ ಸಲವೂ ಮೊದಲೇ ಇಳಿದುಬಿಡುತ್ತಾನೆ. ಹಾಗಾಗಿ ಈಗ ಎಲ್ಲಿ ಹಾಡು ಇದ್ದರೂ ಐದು ಜನ ಹೋಗುತ್ತಾರೆ. ಹದಿನೆಂಟು ಹಾಡು ಮುಗಿಯುವವರೆಗೆ ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಹತ್ತೊಂಬತ್ತನೆಯದಕ್ಕೆ ಎದ್ದು ಹೋಗಿ ಅವರ ಪಕ್ಕ ನಿಲ್ಲುತ್ತಾಳೆ, ತನ್ನ ಒಂದು ಸಾಲು ಹಾಡುತ್ತಾಳೆ, ಬಂದು ಕೂರುತ್ತಾಳೆ. ಅದಕ್ಕಾಗಿ ತನಗೂ ಒಂದು ಪುಸ್ತಕ ಮಾಡಿಕೊಂಡಿದ್ದಾಳೆ. ಎರಡು ರಟ್ಟು, ನೀಲಿ ಕ್ಯಾಲಿಕೋ, ಬೆನ್ನಿಗೆ ಚಿನ್ನದ ಗೆರೆ, ಒಳಗೆ ಒಂದೇ ಹಾಳೆ, ಹಾಳೆಯಲ್ಲಿ ಒಂದೇ ಸಾಲು.

ಹಾಡುವಷ್ಟು ಹೊತ್ತೂ ಅವಳು ಅದರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಸ್ವರ ಓದಲು ಅವಳಿಗೆ ಇವತ್ತಿಗೂ ಬಾರದು. ಒಂದು ದಿನ ಬಸ್ಸಿನಲ್ಲಿ ಬರುವಾಗ ನಾನು ಕೇಳಿಯೇಬಿಟ್ಟೆ. "ಅಲ್ಲಾ ದೊಡ್ಡಮ್ಮ, ಓದೋಕೆ ಬರಲ್ಲ, ಮತ್ತೆ ಅದರೊಳಗೆ ಅಷ್ಟೊಂದು ಏನು ನೋಡ್ತೀಯ?"

ಅವಳು ಪುಸ್ತಕವನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಅದು ಅಲ್ಲೇ ಇದೆಯಾ ಅಂತ ನೋಡ್ತೀನಿ ಕಣೇ" ಅಂದಳು.